ಗಡಸು ನೀರು: ಮನೆಯ ಮಟ್ಟದ ಸಂಸ್ಕರಣೆ

ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು ಗಡಸು ನೀರು. ಅವು ಕಡಿಮೆಯಿದ್ದರೆ ಮೆದು ನೀರು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದಿರುವುದು, ತೊಗರಿಬೇಳೆ ಬೇಯಲು ಹೊತ್ತು ಹಿಡಿಯುವುದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವುದು, ಸ್ಟೀಲ್ ನಲ್ಲಿಯ ಮೇಲೆ ಬಿಳಿ ಕಲೆ ಉಳಿಯುವುದು ಗಡಸು ನೀರಿನ ಲಕ್ಷಣಗಳು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾವೇರಿ ನೀರಿಗೊಂದು ನಲ್ಲಿ, ಬೋರ್ ನೀರಿಗೊಂದು ನಲ್ಲಿ ಇರುತ್ತದೆ. ಅಡುಗೆಗೂ ಕುಡಿಯುವುದಕ್ಕೂ ಮೊದಲನೆಯದು, ಪಾತ್ರೆ ಬಟ್ಟೆಗಳಿಗೆ ಎರಡನೆಯದು. ಗಡಸು ನೀರಿನ ಸಂಸ್ಕರಣೆಯ ಮುಖ್ಯ ತತ್ತ್ವ ಈ ರೂಢಿಯಲ್ಲೇ ಇದೆ. ಮನೆಗೆ ಬರುವ ಅಷ್ಟೂ ನೀರನ್ನು ಮೆದು ಮಾಡಬೇಕಾಗಿಲ್ಲ. ಯಾವ ಕೆಲಸಕ್ಕೆ ಎಂಥ ನೀರು ಬೇಕೆಂದು ಮೊದಲು ತೀರ್ಮಾನಿಸಿ, ಅಷ್ಟನ್ನೇ ಸಂಸ್ಕರಿಸಿದರೆ ಸಾಕು.

ನೀರು ಗಡಸಾಗುವ ಬಗೆ

ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಅದು ನೆಲದೊಳಗೆ ಇಂಗುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ, ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ನೀರು ಯಾವ ಕಲ್ಲಿನ ಸಂದಿಯಲ್ಲಿ ಎಷ್ಟು ಕಾಲ ನಿಂತಿತ್ತು ಎಂಬುದರ ಮೇಲೆ ಅದರ ಗಡಸುತನ ಹೆಚ್ಚುಕಡಿಮೆಯಾಗುತ್ತದೆ.

ಕರ್ನಾಟಕದೊಳಗೇ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ದಕ್ಷಿಣದ ಬಯಲುಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತು ಲವಣಗಳನ್ನು ಕೂಡಿಸಿಕೊಳ್ಳುತ್ತದೆ; ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಈಗ ಸಾಮಾನ್ಯ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಇರುವುದೇ ಸುಣ್ಣದ ಕಲ್ಲು. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದಕ್ಕೂ ಅಲ್ಲಿನ ಬಾವಿ ನೀರು ಗಡಸಾಗಿರುವುದಕ್ಕೂ ಕಾರಣ ಒಂದೇ. ಗದಗ, ನವಲಗುಂದ ಕಡೆಯ ಎರೆ ಸೀಮೆಯಲ್ಲಿ ಅಂತರ್ಜಲ ಗಡಸಷ್ಟೇ ಅಲ್ಲ, ಸವಳು ಕೂಡ. ಹೀಗಾಗಿ ಮಳೆನೀರು ನಿಲ್ಲುವ ಕುಡಿಯುವ ನೀರಿನ ಕೆರೆಗಳನ್ನು ಅಲ್ಲಿನ ಜನ ಜತನದಿಂದ ಕಾಯ್ದುಕೊಂಡು ಬಂದಿದ್ದಾರೆ. ಮಲೆನಾಡು ಮತ್ತು ಕರಾವಳಿಯಲ್ಲಿ ಭಾರಿ ಮಳೆ ಜಂಬಿಟ್ಟಿಗೆ ಕಲ್ಲಿನ ಲವಣಗಳನ್ನು ಎಂದೋ ತೊಳೆದುಬಿಟ್ಟಿದೆ. ಅಲ್ಲಿನ ಬಾವಿ ನೀರು ಮೆದು, ಕೆಲವೆಡೆ ತುಸು ಆಮ್ಲೀಯ. ಅಂಥ ನೀರು ಸುಣ್ಣ ಕಟ್ಟುವುದಿಲ್ಲ, ಬದಲಿಗೆ ಕಬ್ಬಿಣದ ಕೊಳವೆಯನ್ನು ತಿನ್ನುತ್ತದೆ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬನೇಟ್ ರೂಪದ್ದು ತಾತ್ಕಾಲಿಕ ಗಡಸುತನ. ನೀರು ಕುದಿಸಿದರೆ ಅದರ ಬಹುಪಾಲು ಕಾರ್ಬನೇಟ್ ಆಗಿ ತಳಕ್ಕೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಶಾಶ್ವತ ಗಡಸುತನ. ಇದು ಕುದಿಸಿದರೂ ಹೋಗದು. ಸವಳು ಬೇರೆ, ಗಡಸುತನ ಬೇರೆ ಎಂಬುದನ್ನೂ ಇಲ್ಲೇ ಹೇಳಬೇಕು. ಬರೀ ಅಡುಗೆ ಉಪ್ಪು ಕರಗಿದ ನೀರು ನಾಲಿಗೆಗೆ ಉಪ್ಪುಪ್ಪಾದರೂ ಗಡಸಲ್ಲ. ಎರಡಕ್ಕೂ ಮದ್ದು ಒಂದೇ ಎಂದುಕೊಂಡು ಯಂತ್ರ ಕೊಂಡವರು ನಿರಾಶರಾಗುತ್ತಾರೆ.

ಅಳತೆ

ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. 60ರ ಒಳಗೆ ಮೆದು, 120ರವರೆಗೆ ಸಾಧಾರಣ, 180ರವರೆಗೆ ಗಡಸು, ಅದಕ್ಕೂ ಮೇಲೆ ಅತಿ ಗಡಸು ಎಂಬ ವರ್ಗೀಕರಣ ಬಳಕೆಯಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ (ಐಎಸ್ 10500, 2012ರ ಆವೃತ್ತಿ) 200 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಬೇರೆ ನೀರಿನ ಆಸರೆಯೇ ಇಲ್ಲದ ಕಡೆ 600ರವರೆಗೂ ಬಳಸಬಹುದೆನ್ನುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಇಡಿಟಿಎ ಎಂಬ ರಾಸಾಯನಿಕದಿಂದ ಅಳೆಯುತ್ತಾರೆ. ಸೂಚಕ ಬೆರೆಸಿದ ನೀರಿಗೆ ಇಡಿಟಿಎ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಟ್ಟರೆ, ಗಡಸುತನ ಮುಗಿದ ಕ್ಷಣ ಕೆಂಪು ಬಣ್ಣ ನೀಲಿಗೆ ತಿರುಗುತ್ತದೆ. ಇದೇ ವಿಧಾನದ ಪುಟ್ಟ ಕಿಟ್‌ಗಳು ಮನೆಬಳಕೆಗೂ ಸಿಗುತ್ತವೆ. ಜಲಜೀವನ್ ಮಿಷನ್ ಅಡಿಯಲ್ಲಿ ನಡೆಯುವ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರ ನೀರನ್ನೂ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಡುತ್ತವೆ. ಇದಾವುದೂ ಕೈಗೆಟುಕದಿದ್ದರೆ ಒಂದೇ ಅಳತೆಯ ಎರಡು ಬಾಟಲಿ ಸಾಕು. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಮನೆಯ ನೀರು ತುಂಬಿ, ಸಮನಾಗಿ ಸಾಬೂನಿನ ಹೆರಕಲು ಹಾಕಿ ಕುಲುಕಿದರೆ ನೊರೆಯ ವ್ಯತ್ಯಾಸ ತಾನೇ ಕಾಣುತ್ತದೆ. ಶಾಂಪೂ, ಡಿಟರ್ಜೆಂಟ್‌ಗಳಿಂದ ಈ ಪರೀಕ್ಷೆ ಆಗದು, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ.

ಮಾರಾಟಗಾರರು ಮನೆಬಾಗಿಲಿಗೆ ತಂದು ತೋರಿಸುವ ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ ಕರಗಿದ ಒಟ್ಟು ಲವಣವನ್ನು ಅಂದಾಜು ಮಾಡುವುದಷ್ಟೇ ಅದರ ಕೆಲಸ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಅದು ಹೇಳಲಾರದು. ಆ ಒಂದು ಸಂಖ್ಯೆ ನೋಡಿ ಬೆದರಿ ಯಂತ್ರ ಕೊಳ್ಳಬಾರದು.

ಮನೆಯಲ್ಲಿ ಆಗುವ ನಷ್ಟ

ಸಾಬೂನು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಜಿಗುಟು ಗಸಿಯಾಗುತ್ತದೆ. ಕ್ಯಾಲ್ಸಿಯಂ ಪೂರ್ತಿ ತೀರುವವರೆಗೆ ನೊರೆ ಏಳದು. 500 ಮಿಲಿಗ್ರಾಂ ಗಡಸುತನದ ಹತ್ತು ಲೀಟರ್ ನೀರು, ಅಂದರೆ ಒಂದು ಸಣ್ಣ ಬಕೆಟ್, ಸುಮಾರು 30 ಗ್ರಾಂ ಸಾಬೂನನ್ನು ನೊರೆಗೆ ಮುಂಚೆಯೇ ನುಂಗಬಲ್ಲದು. ಸ್ನಾನದ ಮನೆಯ ಗೋಡೆಗೆ, ಬಟ್ಟೆಗೆ, ಕೂದಲಿಗೆ ಅಂಟುವುದು ಈ ಗಸಿಯೇ. ಸೀಗೆಕಾಯಿ ಮತ್ತು ಅಂಟುವಾಳದ ನೊರೆ ಸಪೋನಿನ್ ಎಂಬ ವಸ್ತುವಿನದು. ಸಾಬೂನಿನಂತೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುವುದಿಲ್ಲ. ಬಯಲುಸೀಮೆಯ ಬಾವಿ ನೀರಿನಲ್ಲಿ ಎಣ್ಣೆಸ್ನಾನಕ್ಕೆ ಸೀಗೆಪುಡಿ ಹೊಂದಿಕೊಂಡದ್ದರ ಹಿಂದೆ ಈ ರಸಾಯನಶಾಸ್ತ್ರವಿದೆ. ಇಂದಿಗೂ ಗಡಸು ನೀರಿನ ಮನೆಯಲ್ಲಿ ತಲೆಗೆ ಸಾಬೂನಿಗಿಂತ ಸೀಗೆಯೇ ಮೇಲು.

ಬೇಳೆಯ ವಿಷಯದಲ್ಲಿ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ನಡುವಿನ ಪೆಕ್ಟಿನ್ನನ್ನು ಬಿಗಿದುಬಿಡುತ್ತದೆ, ಕಾಳು ಅರಳದೆ ಗಟ್ಟಿಯಾಗಿಯೇ ಉಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬೇಳೆಯಲ್ಲಿರುವ ಥಯಾಮಿನ್ ಎಂಬ ಬಿ ಜೀವಸತ್ವ ಅದರಿಂದ ನಾಶವಾಗುತ್ತದೆ. ಕುದಿಸಿ ಆರಿಸಿ, ತಿಳಿ ಬಗ್ಗಿಸಿಕೊಂಡ ನೀರಿನಲ್ಲಿ ಬೇಳೆ ಇಡುವುದು ಇದಕ್ಕಿಂತ ಒಳ್ಳೆಯದು.

ಹೆಚ್ಚು ಹಣ ಹೋಗುವುದು ನೀರು ಕಾಯಿಸುವ ಉಪಕರಣಗಳಲ್ಲಿ. ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಶಾಖ ನೀರಿಗೆ ದಾಟುವುದು ನಿಧಾನವಾಗುತ್ತದೆ, ಕಾಯಿಲ್ ಅತಿಯಾಗಿ ಕಾದು ಸುಡುತ್ತದೆ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಸುಣ್ಣ ಕಟ್ಟುವುದು ವೇಗವಾಗುವುದರಿಂದ ಗೀಸರನ್ನು 50-55 ಡಿಗ್ರಿಗೆ ಇಟ್ಟರೆ ಅದರ ಆಯುಷ್ಯ ಹೆಚ್ಚುತ್ತದೆ. ಸೋಲಾರ್ ಹೀಟರಿನ ತೆಳು ಕೊಳವೆಗಳಿಗೂ ಇದೇ ಕಾಟ. ಗಡಸು ನೀರಿನ ಊರಿನಲ್ಲಿ ಫ್ಲ್ಯಾಟ್ ಪ್ಲೇಟ್ ಸೋಲಾರ್ ಹಾಕಿಸುವವರು ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನೇ ಕೇಳಬೇಕು. ಅದರಲ್ಲಿ ಮನೆಬಳಕೆಯ ನೀರು ಫಲಕದ ಕೊಳವೆಗಳೊಳಗೆ ಹರಿಯುವುದೇ ಇಲ್ಲ.

ಆರೋಗ್ಯದ ಪ್ರಶ್ನೆ

ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ, ಕೂದಲು ಉದುರುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಎರಡಕ್ಕೂ ಗಟ್ಟಿ ಪುರಾವೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ಗೊತ್ತುಮಾಡಿಲ್ಲ. ಮೂತ್ರಪಿಂಡದ ಕಲ್ಲಿಗೆ ನೀರು ಕಡಿಮೆ ಕುಡಿಯುವುದು ಹೆಚ್ಚು ದೊಡ್ಡ ಕಾರಣ. ಒಮ್ಮೆ ಕಲ್ಲಾದವರು ವೈದ್ಯರ ಮಾತಿನಂತೆ ನಡೆಯಬೇಕು. ಮಕ್ಕಳ ಇಸುಬು ಗಡಸು ನೀರಿನ ಪ್ರದೇಶಗಳಲ್ಲಿ ತುಸು ಹೆಚ್ಚೆಂದು ಅಧ್ಯಯನಗಳು ಕಂಡಿವೆ. ಆದರೆ ಮನೆಗೆ ನೀರು ಮೆದು ಮಾಡುವ ಯಂತ್ರವಾದ ಸಾಫ್ಟ್‌ನರ್ ಹಾಕಿ ನೋಡಿದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ (ಫಲಿತಾಂಶ ಪ್ರಕಟವಾದದ್ದು 2011) ಇಸುಬು ಅದರಿಂದ ಹೆಚ್ಚೇನೂ ಗುಣವಾಗಲಿಲ್ಲ.

ಭಯಪಡಬೇಕಾದದ್ದು ಬೇರೆಯದಕ್ಕೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ರಾಯಚೂರು, ಕೊಪ್ಪಳಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಾನಕ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅದಕ್ಕಿಂತ ಹೆಚ್ಚಾದರೆ ಹಲ್ಲು ಕಲೆಗಟ್ಟುತ್ತದೆ, ತೀರಾ ಹೆಚ್ಚಾದರೆ ಮೂಳೆ ಡೊಂಕಾಗುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿರಲಾರದು; ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ಮೆದು ಬೋರ್ ನೀರಿನಲ್ಲೇ ಅದು ಏರುವುದು. ಸಾಬೂನು ಚೆನ್ನಾಗಿ ನೊರೆ ಕೊಟ್ಟಿತೆಂದು ನೀರು ಕುಡಿಯಲು ಯೋಗ್ಯವೆನ್ನಲಾಗದು. ನೀರನ್ನು ಪರೀಕ್ಷೆಗೆ ಕೊಡುವಾಗ ಗಡಸುತನದ ಜೊತೆ ಫ್ಲೋರೈಡ್ ಮತ್ತು ನೈಟ್ರೇಟನ್ನೂ ಕಡ್ಡಾಯವಾಗಿ ಕೇಳಬೇಕು.

ಯಂತ್ರವಿಲ್ಲದ ವಿಧಾನಗಳು

ಕುದಿಸುವುದು ಎಲ್ಲಕ್ಕಿಂತ ಹಳೆಯ ದಾರಿ. ತಾತ್ಕಾಲಿಕ ಗಡಸುತನ ಹೋಗುತ್ತದೆ, ರೋಗಾಣುಗಳೂ ಸಾಯುತ್ತವೆ. ಕುದಿಸಿದ ನೀರಿನಲ್ಲಿ ತೇಲುವ ಬಿಳಿ ಚೂರುಗಳು ಸುಣ್ಣವೇ. ತೆಳುಬಟ್ಟೆಯಲ್ಲಿ ಸೋಸಿದರೆ ಸಾಕು, ನುಂಗಿದರೂ ಅಪಾಯವಿಲ್ಲ.

ನೀರಿಗೆ ಲೆಕ್ಕವಾಗಿ ಸುಣ್ಣ ಬೆರೆಸಿದರೆ ನೀರಿನೊಳಗಿನ ಸುಣ್ಣವೂ ಹೊರಬೀಳುತ್ತದೆಂದು ತೋರಿಸಿ, 1841ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್. ನಗರಗಳ ನೀರು ಸರಬರಾಜಿನಲ್ಲಿ ಈ ವಿಧಾನ ಇಂದಿಗೂ ಉಂಟು. ಪ್ರಮಾಣ ತಪ್ಪಿದರೆ ನೀರು ಕ್ಷಾರವಾಗಿಬಿಡುವುದರಿಂದ ಮನೆಗೆ ಇದು ಹೇಳಿಸಿದ್ದಲ್ಲ.

ಬಟ್ಟೆ ಒಗೆಯಲು ವಾಷಿಂಗ್ ಸೋಡಾ ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಅದು ಎರಡೂ ಬಗೆಯ ಗಡಸುತನದ ಕ್ಯಾಲ್ಸಿಯಮ್ಮನ್ನು ತಳಕ್ಕೆ ಇಳಿಸುತ್ತದೆ. 500 ಮಿಲಿಗ್ರಾಂ ಗಡಸುತನದ ಹತ್ತು ಲೀಟರಿಗೆ ಒಣ ಪುಡಿಯಾದರೆ ಐದಾರು ಗ್ರಾಂ, ಹರಳಾದರೆ 14 ಗ್ರಾಂ ಬೇಕು. ಮೊದಲು ಸೋಡಾ ಕದಡಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಾಬೂನು ಹಾಕಬೇಕು. ಈ ನೀರು ಕುಡಿಯಲು ಸಲ್ಲದು, ಕೈಗೂ ಒರಟು.

ಪಟಿಕ, ಚಿಲ್ಲದ ಬೀಜ, ನುಗ್ಗೆ ಬೀಜಗಳನ್ನು ನೀರಿಗೆ ತೇಯುವ ಪದ್ಧತಿ ನಮ್ಮಲ್ಲಿ ಪುರಾತನ. ಇವು ಬಗ್ಗಡ ನೀರನ್ನು ತಿಳಿಯಾಗಿಸುತ್ತವೆ, ಆ ಕೆಲಸದಲ್ಲಿ ನಂಬಿಕೆಗೆ ಅರ್ಹ. ಗಡಸುತನ ಕಳೆಯಲು ಮಾತ್ರ ಇವನ್ನು ನೆಚ್ಚಬಾರದು. ಕಣ್ಣಿಗೆ ಸ್ಫಟಿಕದಂತೆ ತಿಳಿಯಾದ ನೀರು ಅತಿ ಗಡಸಾಗಿರಬಹುದು.

ಸಾಫ್ಟ್‌ನರ್

ಮನೆಯ ಮಟ್ಟದಲ್ಲಿ ಗಡಸುತನವನ್ನೇ ಗುರಿಯಾಗಿಟ್ಟುಕೊಂಡ ಸಾಧನವೆಂದರೆ ಅಯಾನು ವಿನಿಮಯದ ಸಾಫ್ಟ್‌ನರ್. ಇಂಗ್ಲೆಂಡಿನಲ್ಲಿ ಥಾಂಪ್ಸನ್ ಮತ್ತು ವೇ ಎಂಬುವರು 1850ರ ಹೊತ್ತಿಗೆ ಹೊಲದ ಮಣ್ಣು ಗೊಬ್ಬರದ ಅಮೋನಿಯವನ್ನು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಡುವುದನ್ನು ಕಂಡರು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಕೃತಕ ಜಿಯೊಲೈಟಿನಿಂದ ನೀರು ಮೆದು ಮಾಡಿದರು. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರೆಸಿನ್ ತಯಾರಿಸಿದರು. ಇಂದಿನ ಸಾಫ್ಟ್‌ನರಿನಲ್ಲಿರುವುದು ಸಾಸಿವೆಗಿಂತ ಸಣ್ಣ ಪಾಲಿಸ್ಟೈರೀನ್ ಮಣಿಗಳು. ಪ್ರತಿ ಮಣಿ ಸೋಡಿಯಂ ಹೊತ್ತಿರುತ್ತದೆ. ನೀರು ಹಾಯುವಾಗ ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಎರಡು ಸೋಡಿಯಂ ಬಿಡುತ್ತದೆ. ಸೋಡಿಯಂ ತೀರಿದಾಗ ಗಾಢ ಉಪ್ಪುನೀರು ಹಾಯಿಸಿದರೆ ಮಣಿಗಳು ಮತ್ತೆ ಸಜ್ಜಾಗುತ್ತವೆ, ಹಿಡಿದಿಟ್ಟ ಕ್ಯಾಲ್ಸಿಯಂ ಉಪ್ಪುನೀರಿನೊಡನೆ ಮೋರಿಗೆ ಹೋಗುತ್ತದೆ.

ಕೊಳ್ಳುವ ಮುಂಚೆ ಲೆಕ್ಕ ಹಾಕಿ ನೋಡಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯಬಲ್ಲದು. 25 ಲೀಟರ್ ರೆಸಿನ್ ಇರುವ ಯಂತ್ರಕ್ಕೆ 500 ಮಿಲಿಗ್ರಾಂ ಗಡಸುತನದ ನೀರು ಬಿಟ್ಟರೆ 2,500 ಲೀಟರಿಗೆ ಒಮ್ಮೆ ಉಪ್ಪು ಬೇಕಾಗುತ್ತದೆ, ಪ್ರತಿ ಸಲವೂ ಮೂರು ಕಿಲೋ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರು ಬಳಸುವುದು 540 ಲೀಟರ್. ಅಂದರೆ ನಾಲ್ಕೈದು ದಿನಕ್ಕೊಮ್ಮೆ ಉಪ್ಪು, ವರ್ಷಕ್ಕೆ 230 ಕಿಲೋಗೂ ಹೆಚ್ಚು. ಈ ಉಪ್ಪು ನೆಲದ ನೀರಿನ ಪಾಲಾದರೆ ಮುಂದಿನ ಪೀಳಿಗೆಯ ಬೋರ್ ನೀರು ಗಡಸಿನ ಜೊತೆ ಸವಳೂ ಆಗುತ್ತದೆ. ಒಳಚರಂಡಿಯಿಲ್ಲದ ಬಡಾವಣೆಗಳಲ್ಲಿ ಮನೆಮನೆಗೂ ಸಾಫ್ಟ್‌ನರ್ ಬರುತ್ತಿರುವ ಈ ಹೊತ್ತಿನಲ್ಲಿ ಇದು ನಿಜವಾದ ಆತಂಕ. ಸಾಫ್ಟ್‌ನರಿನ ಉಪ್ಪುನೀರನ್ನು ಇಂಗುಗುಂಡಿಗೋ ತೋಟಕ್ಕೋ ಯಾವ ಕಾರಣಕ್ಕೂ ಬಿಡಬಾರದು.

ಉಪ್ಪು ಉಳಿಸುವ ದಾರಿ ಸರಳವಾಗಿದೆ. ಆ 135 ಲೀಟರಿನಲ್ಲಿ 45 ಲೀಟರ್ ಶೌಚದ ಫ್ಲಶ್‌ಗೆಂದೇ ಲೆಕ್ಕ. ಅದಕ್ಕೆ ಮೆದು ನೀರು ಬೇಡ. ಗಿಡಗಳಿಗೂ ಬೇಡ, ಸೋಡಿಯಂ ಹೆಚ್ಚಿದ ನೀರು ಮಣ್ಣನ್ನು ಹೆಂಟೆಗಟ್ಟಿಸಿ ಬೇರನ್ನು ಉಸಿರುಗಟ್ಟಿಸುತ್ತದೆ. ಮನೆ ಕಟ್ಟುವಾಗಲೇ ಪ್ಲಂಬರಿಗೆ ಹೇಳಿ ಸ್ನಾನದ ಮನೆ, ಗೀಸರ್ ಮತ್ತು ವಾಷಿಂಗ್ ಮೆಷಿನ್‌ಗೆ ಪ್ರತ್ಯೇಕ ಪೈಪು ಎಳೆಸಿದರೆ ಉಪ್ಪಿನ ಖರ್ಚು ಅರ್ಧದಷ್ಟು ತಗ್ಗಬಹುದು. ಗಡಸುತನವನ್ನು ಸೊನ್ನೆಗೆ ಇಳಿಸಬೇಕಾಗಿಯೂ ಇಲ್ಲ. ಬೈಪಾಸ್ ವಾಲ್ವಿನಿಂದ ತುಸು ಬೋರ್ ನೀರು ಬೆರೆಸಿ 100 ಮಿಲಿಗ್ರಾಂ ಸುತ್ತ ಇರಿಸಿಕೊಂಡರೆ ಸ್ನಾನಕ್ಕೂ ಬಟ್ಟೆಗೂ ಹಿತ.

ಸಾಫ್ಟ್‌ನರ್ ನೀರನ್ನು ಕುಡಿಯುವುದು ಎಲ್ಲರಿಗೂ ಸೂಕ್ತವಲ್ಲ. ಪ್ರತಿ 100 ಮಿಲಿಗ್ರಾಂ ಗಡಸುತನ ಕಳೆದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 500ರ ನೀರಾದರೆ 230 ಮಿಲಿಗ್ರಾಂ. ದಿನಕ್ಕೆ ಮೂರು ಲೀಟರ್ ಕುಡಿದವರ ಹೊಟ್ಟೆಗೆ 690 ಮಿಲಿಗ್ರಾಂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಊಟ ಸೇರಿ ಹೇಳುವ ದಿನದ ಮಿತಿ 2,000 ಮಿಲಿಗ್ರಾಂ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಎಳೆ ಮಕ್ಕಳು ಇರುವ ಮನೆಯಲ್ಲಿ ಅಡುಗೆಮನೆಯ ನಲ್ಲಿಯನ್ನು ಸಾಫ್ಟ್‌ನರಿನಿಂದ ಹೊರಗಿಡಬೇಕು. ಸಾಫ್ಟ್‌ನರ್ ಹಾಕಿದ ಮೇಲೂ ಟಿಡಿಎಸ್ ಇಳಿಯಲಿಲ್ಲವೆಂದು ದೂರುವವರಿದ್ದಾರೆ. ಅದು ಇಳಿಯುವುದಿಲ್ಲ, ಒಂದು ಲವಣ ಹೋಗಿ ಇನ್ನೊಂದು ಬಂದಿರುತ್ತದೆ ಅಷ್ಟೆ.

ನಿರ್ವಹಣೆಗೆ ಎರಡು ಮಾತು. ನೀರಿನಲ್ಲಿ ಕಬ್ಬಿಣವಿದ್ದರೆ ರೆಸಿನ್ ತುಕ್ಕು ಹಿಡಿದಂತಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಬೇಕು. ಟ್ಯಾಂಕರ್ ನೀರು ತರಿಸುವ ಮನೆಗಳಲ್ಲಿ ಲೋಡಿನಿಂದ ಲೋಡಿಗೆ ಗಡಸುತನ ಬದಲಾಗುವುದರಿಂದ, ಒಮ್ಮೆ ಹೊಂದಿಸಿಟ್ಟ ಯಂತ್ರವನ್ನೇ ನಂಬದೆ ಕಿಟ್‌ನಿಂದ ಆಗಾಗ ಪರೀಕ್ಷಿಸಬೇಕು.

ಆರ್‌ಒ

ಕುಡಿಯುವ ನೀರಿಗೆ ಹೆಚ್ಚು ಬಳಕೆಯಲ್ಲಿರುವುದು ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಒ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಅವರೊಂದಿಗೆ ಇದರ ಮೊದಲ ಉಪಯುಕ್ತ ಪೊರೆಯನ್ನು ರೂಪಿಸಿದವರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಒತ್ತಡದಲ್ಲಿ ನೀರು ಪೊರೆಯನ್ನು ದಾಟುತ್ತದೆ. ಗಡಸುತನ, ಸವಳು, ಫ್ಲೋರೈಡ್‌ಗಳ ಬಹುಭಾಗ ಹಿಂದುಳಿಯುತ್ತದೆ. ಫ್ಲೋರೈಡ್ ಅಥವಾ ಸವಳು ಇರುವ ಊರಿಗೆ ಇದು ದೊಡ್ಡ ಆಸರೆ. ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವುದೂ ಇದೇ. ಆದರೆ ಒಂದು ಲೀಟರ್ ಒಳ್ಳೆಯ ನೀರಿಗೆ ಮನೆಯ ಯಂತ್ರಗಳು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಚೆಲ್ಲುತ್ತವೆ. ಟಿಡಿಎಸ್ 500 ಮಿಲಿಗ್ರಾಂ ಒಳಗಿರುವ ಕಡೆ ಆರ್‌ಒ ನಿಷೇಧಿಸಬೇಕೆಂದೂ ಬಳಸುವಲ್ಲಿ ಶೇ. 60ರಷ್ಟಾದರೂ ನೀರು ದಕ್ಕಬೇಕೆಂದೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತು. ಬರೀ ಕಾವೇರಿ ನೀರು ಬರುವ ಮನೆಗೆ ಆರ್‌ಒ ಅನಗತ್ಯ. ಅಲ್ಲಿ ಕುದಿಸುವುದು ಅಥವಾ ಯುವಿ ದೀಪದ ಫಿಲ್ಟರ್ ಸಾಕು. ಆರ್‌ಒ ಚೆಲ್ಲುವ ನೀರನ್ನು ನೆಲ ಒರೆಸಲು, ಶೌಚಕ್ಕೆ ಹಿಡಿದಿಟ್ಟುಕೊಳ್ಳಬೇಕು.

ಗೀಸರ್, ವಾಷಿಂಗ್ ಮೆಷಿನ್‌ಗಳ ಮುಂದೆ ಕೂಡಿಸುವ ಪಾಲಿಫಾಸ್ಫೇಟ್ ಗುಂಡುಗಳ ಸಣ್ಣ ಫಿಲ್ಟರ್ ಗಡಸುತನ ತೆಗೆಯದಿದ್ದರೂ ಸುಣ್ಣ ಅಂಟುವುದನ್ನು ತಡೆಯುತ್ತದೆ. ನೀರು ತೀರಾ ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ. ಪೈಪಿಗೆ ಸುತ್ತುವ ಅಯಸ್ಕಾಂತ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಬಗೆಗಿನ ಪರೀಕ್ಷೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹಣ ಹಾಕಲು ಅವು ಯೋಗ್ಯವಲ್ಲವೆಂದೇ ಹೇಳಬೇಕು.

ಕಟ್ಟಿದ ಸುಣ್ಣ ತೆಗೆಯುವುದು

ನಿಂಬೆ ಉಪ್ಪು, ವಿನೆಗರ್, ಹುಣಸೆರಸ ಯಾವುದಾದರೂ ಆಮ್ಲ ಸಾಕು. ಶವರಿನ ತಲೆ, ನಲ್ಲಿಯ ಜಾಲರಿಗಳನ್ನು ಬಿಚ್ಚಿ ನಿಂಬೆ ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿದರೆ ಬೆಳಗ್ಗೆ ಸುಣ್ಣ ಬಿಟ್ಟುಕೊಳ್ಳುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಟಾಯ್ಲೆಟ್ ಆಸಿಡನ್ನು ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಿದರೆ ಪ್ರಾಣ ತೆಗೆಯಬಲ್ಲ ಕ್ಲೋರಿನ್ ಅನಿಲ ಏಳುತ್ತದೆ, ಎಂದಿಗೂ ಬೆರೆಸಬಾರದು. ಶಹಾಬಾದ್ ಕಲ್ಲು, ಅಮೃತಶಿಲೆ, ಮೊಸಾಯಿಕ್ ನೆಲಗಳ ಮೇಲೆ ಯಾವ ಆಮ್ಲವೂ ಬೀಳಕೂಡದು, ಅವೂ ಸುಣ್ಣದ್ದೇ ಆದ್ದರಿಂದ ಕಲೆಯೊಡನೆ ನೆಲವೂ ಸವೆಯುತ್ತದೆ.

ಮಳೆನೀರು

ಉಪ್ಪು, ವಿದ್ಯುತ್, ಪೊರೆ ಯಾವುದೂ ಬೇಡದ ಮೆದು ನೀರು ತಾರಸಿಯ ಮೇಲೆ ಬೀಳುವ ಮಳೆ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ 30/40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೆ, 60/40 ಅಡಿ ಮತ್ತು ಮೇಲಿನ ಹಳೆಯ ಮನೆಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಬೆಂಗಳೂರಿನ ಮನೆ 1990ರ ದಶಕದಿಂದ ಮಳೆನೀರಿನಲ್ಲೇ ನಡೆದಿದೆ. ಇದನ್ನು ಕಣ್ಣಾರೆ ಕಲಿಯಬಯಸುವವರಿಗೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ.

ಮೊದಲ ಮಳೆಯ ನೀರನ್ನು ಹೊರಬಿಟ್ಟು, ಫಿಲ್ಟರ್ ದಾಟಿಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಇಡಬೇಕು. ಕುಡಿಯುವ ಮುಂಚೆ ಕುದಿಸಬೇಕು. ಮಳೆನೀರನ್ನು ಬೋರ್ ನೀರಿನ ಸಂಪಿಗೆ ಸಮಪಾಲು ಬೆರೆಸಿದರೂ 600ರ ಗಡಸುತನ 300ಕ್ಕೆ ಇಳಿಯುತ್ತದೆ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. 100 ಚದರ ಮೀಟರ್ ತಾರಸಿಯಲ್ಲಿ ಐದರಲ್ಲಿ ಒಂದು ಪಾಲು ಪೋಲಾದರೂ 77,000 ಲೀಟರ್ ಸಿಗುತ್ತದೆ. ನಾಲ್ವರ ಅಡುಗೆಗೂ ಕುಡಿಯುವುದಕ್ಕೂ ದಿನಕ್ಕೆ 40 ಲೀಟರ್ ಎಂದುಕೊಂಡರೆ ವರ್ಷಕ್ಕೆ ಬೇಕಾದದ್ದು 15,000 ಲೀಟರಿಗೂ ಕಡಿಮೆ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳನ್ನು ದಾಟಿಸಲು 6,000 ಲೀಟರಿನ ಒಂದು ತೊಟ್ಟಿ ಸಾಕು. ಹೊಸದಾಗಿ ಮನೆ ಕಟ್ಟಿಸುವವರು ಸಾಫ್ಟ್‌ನರಿಗೆ ಜಾಗ ಗೊತ್ತುಮಾಡುವ ಮುಂಚೆ ಈ ತೊಟ್ಟಿಗೆ ನಕ್ಷೆಯಲ್ಲಿ ಜಾಗ ಬಿಡಬೇಕು.